ಅರ್ಜಿಗಿಂತ ಮೊದಲು ಉತಾರ: ಪಂಚಾಯ್ತಿಯಿಂದ ವಸತಿ ಯೋಜನೆಯ ಮನೆ ಪಡೆಯುವ ದಾರಿ

ವಸತಿ ಯೋಜನೆಯ ಅರ್ಜಿ ತುಂಬಲು ಅರ್ಧ ತಾಸು ಸಾಕು. ಅದರ ಹಿಂದೆ ಲಗತ್ತಿಸಬೇಕಾದ ಜಾಗದ ಉತಾರ, ಅಂದರೆ ಜಾಗ ಯಾರದೆಂದು ತೋರಿಸುವ ದಾಖಲೆ, ಸರಿಪಡಿಸಲು ಆರು ತಿಂಗಳೂ ಹಿಡಿಯಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಆಯ್ಕೆಪಟ್ಟಿಯಲ್ಲಿ ಹೆಸರು ಬಂದೂ ಮನೆ ಕೈತಪ್ಪಿದವರನ್ನು ವಿಚಾರಿಸಿ ನೋಡಿ, ಬಹುತೇಕರ ತೊಡಕು ಎರಡೇ: ಜಾಗ ಅವರ ಹೆಸರಿನಲ್ಲಿ ಇರಲಿಲ್ಲ, ಇಲ್ಲವೇ ಒಂದೊಂದು ಕಾಗದದಲ್ಲಿ ಒಂದೊಂದು ಹೆಸರಿತ್ತು. ಹಾಗಾಗಿ ಇಲ್ಲಿ ಅರ್ಜಿಯ ಮಾತು ತಡವಾಗಿ ಬರುತ್ತದೆ.

ಯಾವ ಯೋಜನೆ ನಿಮ್ಮದು

ರಾಜ್ಯದ ವಸತಿ ಯೋಜನೆಗಳ ಹಣ, ಪಟ್ಟಿ, ಕಂತು ಎಲ್ಲವನ್ನೂ ನಡೆಸುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ ಗ್ರಾಮೀಣ ಎಂದಿದ್ದರೂ ಪಟ್ಟಣದ ಮನೆಗಳೂ ಇದರ ಕೈಯಲ್ಲೇ ಇವೆ. ಆದರೆ ನೀವು ನಿಗಮಕ್ಕೆ ಅರ್ಜಿ ಹಾಕುವುದಿಲ್ಲ. ಹಳ್ಳಿಯವರು ಗ್ರಾಮ ಪಂಚಾಯ್ತಿಗೆ, ಊರು ದೊಡ್ಡದಾದರೆ ಪಟ್ಟಣ ಪಂಚಾಯ್ತಿ, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಗೆ ಹಾಕಬೇಕು.

ಹಳ್ಳಿಯ ಸಾಮಾನ್ಯ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಕುಟುಂಬಗಳಿಗೆ ಬಸವ ವಸತಿ ಯೋಜನೆ ಇದೆ; ಸಹಾಯಧನ 1.20 ಲಕ್ಷ ರೂ. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಗೆ 1.75 ಲಕ್ಷ, ಪಟ್ಟಣಕ್ಕೆ 2 ಲಕ್ಷ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಅಲೆಮಾರಿಗಳು, ಲೈಂಗಿಕ ಅಲ್ಪಸಂಖ್ಯಾತರು ಇಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ಅರಸು ಯೋಜನೆಗೆ ಅರ್ಹರಿದ್ದೂ ಬಸವ ವಸತಿಯ ಉದ್ದ ಸಾಲಿನಲ್ಲಿ ನಿಂತವರು ಎಷ್ಟೋ ಮಂದಿ. ಮನೆಯಲ್ಲಿ ವಿಧವೆ ತಾಯಿಯೋ ಅಂಗವಿಕಲ ಮಗಳೋ ಇದ್ದರೆ ಅವರ ಹೆಸರಿನಲ್ಲೇ ಕೇಳುವುದು ಜಾಣತನ. ಪಟ್ಟಣದ ಇತರರಿಗೆ ವಾಜಪೇಯಿ ನಗರ ವಸತಿ ಯೋಜನೆ ಇದೆ.

ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯದು ಬೇರೆ ದಾರಿ. ಅಲ್ಲಿ ಅರ್ಜಿಗಿಂತ ಸಮೀಕ್ಷೆಯ ಪಟ್ಟಿ ಮುಖ್ಯ. ಮೊದಲು 2011ರ ಸಾಮಾಜಿಕ ಆರ್ಥಿಕ ಗಣತಿ, ಆಮೇಲೆ ಆವಾಸ್ ಪ್ಲಸ್ ಸಮೀಕ್ಷೆ. ಅದರಲ್ಲಿ ಹೆಸರು ಇಲ್ಲದವರಿಗೆ ಅರ್ಜಿ ಎಷ್ಟು ಚೆಂದ ಬರೆದರೂ ಮನೆ ಇಲ್ಲ. ಬಯಲುಸೀಮೆಗೆ ಸಹಾಯಧನ 1.20 ಲಕ್ಷ. ಯಾರು ಹೊರಗುಳಿಯುತ್ತಾರೆ ಎಂಬ ನಿಯಮ 2024ರಲ್ಲಿ ಬದಲಾಗಿದೆ. ಮೋಟರ್ ಸೈಕಲ್ ಇದ್ದರೆ, ಫ್ರಿಜ್ ಇದ್ದರೆ ಮನೆ ಇಲ್ಲ ಎಂಬ ಹಳೆಯ ಮಾತು ಈಗ ಸುಳ್ಳು. ಆದರೆ ಮೂರು ಅಥವಾ ನಾಲ್ಕು ಗಾಲಿಯ ಮೋಟರ್ ವಾಹನ ಅಥವಾ ಕೃಷಿ ಯಂತ್ರ, 50,000 ರೂ. ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ತಿಂಗಳಿಗೆ 15,000 ದಾಟಿದ ಗಳಿಕೆ, ಸರ್ಕಾರಿ ನೌಕರಿ, ಆದಾಯ ತೆರಿಗೆ, ಎರಡೂವರೆ ಎಕರೆ ನೀರಾವರಿ ಅಥವಾ ಐದು ಎಕರೆ ಒಣಭೂಮಿ ಇವುಗಳಲ್ಲಿ ಒಂದಿದ್ದರೂ ಹೊರಗೆ.

ಐದು ಎಕರೆಯ ಈ ಅಳತೆ ನಮ್ಮ ಕಡೆಗೆ ಹೊಂದುವಂಥದ್ದಲ್ಲ. ಇಂಡಿ, ಚಡಚಣ ಕಡೆ ಮಳೆ ಕೈಕೊಟ್ಟ ವರ್ಷ ಆರೆಕರೆ ಒಣಭೂಮಿಯವನೂ ಕೂಲಿಗೇ ಹೋಗುತ್ತಾನೆ. ಆದರೂ ನಿಯಮ ನಿಯಮವೇ. ಬೆಳೆಸಾಲದ ಕಾರ್ಡಿನ ಮಿತಿಯೂ ಹಾಗೇ: ನೀವು ಎತ್ತಿದ ಸಾಲ 30,000 ಇದ್ದರೂ ಕಾರ್ಡಿನ ಮಿತಿ 80,000 ಎಂದಿದ್ದರೆ ಅದನ್ನೇ ಹಿಡಿಯುತ್ತಾರೆ. ಹೀಗೆ ಹೊರಗುಳಿದವರು ಕೈಬಿಡದೆ ರಾಜ್ಯದ ಯೋಜನೆಗಳ ಕಡೆ ನೋಡಬೇಕು.

ಉತಾರ

ಹೊಲದ ಪಹಣಿ ಬೇರೆ, ಮನೆ ಜಾಗದ ಉತಾರ ಬೇರೆ. ಗಾವಠಾಣದೊಳಗಿನ, ಅಂದರೆ ಊರಿನ ವಸತಿ ಪ್ರದೇಶದೊಳಗಿನ ಜಾಗಕ್ಕೆ ಪಂಚಾಯ್ತಿಯ ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11ಎ ಬರಬೇಕು. ಕೈಬರಹದ ಹಳೆಯ ಉತಾರ ಇದ್ದರೆ ಅದು ಇ-ಸ್ವತ್ತು ಮಾಡಿಸಲು ಆಧಾರವಾಗುತ್ತದೆ, ಆದರೆ ಅದೇ ಇ-ಸ್ವತ್ತು ಅಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟ ಮೇಲೆ ಮೋಜಣಿಯ (ಸರ್ಕಾರಿ ಅಳತೆ ವ್ಯವಸ್ಥೆಯ) ಮೂಲಕ ಭೂಮಾಪಕರು ಬಂದು ಜಾಗ ಅಳೆದು ನಕಾಶೆ ಕೊಡಬೇಕು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯಬೇಕು, ಆಮೇಲೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಡಿಜಿಟಲ್ ಸಹಿ ಮಾಡಬೇಕು. ಇದರಲ್ಲಿ ತಿಂಗಳುಗಟ್ಟಲೆ ನಿಲ್ಲುವುದು ಅಳತೆಯ ಹಂತದಲ್ಲೇ. ಮನೆಪಟ್ಟಿ (ಮನೆ ತೆರಿಗೆ) ಬಾಕಿ ಇದ್ದರೆ ಮೊದಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಉತಾರ ಇನ್ನೂ ಅಜ್ಜನ ಹೆಸರಿನಲ್ಲಿದೆಯೇ? ನಮ್ಮ ಕಡೆಯ ದೊಡ್ಡ ತೊಡಕು ಇದು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ. ಮೂರು ಮಂದಿ ಅಣ್ಣತಮ್ಮಂದಿರು ಅದೇ ಜಾಗದಲ್ಲಿ ಮೂರು ಒಲೆ ಹೂಡಿರುತ್ತಾರೆ. ಕಾಗದದಲ್ಲಿ ಮಾತ್ರ ಒಬ್ಬನೇ ಮಾಲೀಕ, ಅವನೂ ಇಲ್ಲ. ಮರಣ ಪ್ರಮಾಣಪತ್ರ, ವಂಶಾವಳಿ ಕೊಟ್ಟು ಮೊದಲು ವಾರಸಾ, ಅಂದರೆ ವಾರಸುದಾರರ ಹೆಸರಿಗೆ ದಾಖಲೆ, ಮಾಡಿಸಬೇಕು. ಆಮೇಲೆ ವಾಟ್ನಿ, ಅಂದರೆ ಪಾಲು ವಿಭಾಗ. ವಾಟ್ನಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಪ್ರತಿಯೊಬ್ಬರಿಗೂ ಬೇರೆ ಉತಾರ ಬರುತ್ತದೆ. ಬಾಂಡ್ ಕಾಗದದ ಮೇಲೆ ಹಿರಿಯರ ಮುಂದೆ ಬರೆದುಕೊಂಡ ವಾಟ್ನಿಯಿಂದ ಮನೆಯ ಜಗಳ ನಿಲ್ಲಬಹುದು, ಪಂಚಾಯ್ತಿಯ ಕೆಲಸ ಆಗುವುದಿಲ್ಲ. ಅಕ್ಕತಂಗಿಯರ ಸಹಿ ಬಿಟ್ಟು ವಾಟ್ನಿ ಮಾಡುವುದೂ ತಪ್ಪು. ಅವರಿಗೂ ಪಾಲಿನ ಹಕ್ಕಿದೆ. ಮುಂದೆ ಒಬ್ಬರು ತಕರಾರು ಹಾಕಿದರೆ ಪಾಯದ ಹಂತದಲ್ಲೇ ಕೆಲಸ ನಿಲ್ಲುತ್ತದೆ.

ಬೆಳಗಾವಿ ನಗರ ಮತ್ತು ಹಳೆಯ ಪಟ್ಟಣಗಳಲ್ಲಿ ಸಿಟಿ ಸರ್ವೆ ಉತಾರ, ಅಂದರೆ ಸಿಟಿಎಸ್ ನಂಬರಿನ ಆಸ್ತಿ ಪತ್ರ ಇರುತ್ತದೆ. ಅದರ ಜೊತೆ ಪಾಲಿಕೆ ಅಥವಾ ಪುರಸಭೆಯ ಇ-ಖಾತಾವೂ ಬೇಕು. ಎರಡರಲ್ಲಿ ಅಳತೆ ಬೇರೆ ಬೇರೆ ಬಂದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಪಂಚಾಯ್ತಿ ತಾನಾಗಿ ಉತಾರ ಕೊಡಲು ಬರುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಹಳ್ಳಿಯವರಿಗೆ, 94ಸಿಸಿ ಅಡಿ ಪಟ್ಟಣದವರಿಗೆ ತಹಶೀಲ್ದಾರರಿಂದ ಹಕ್ಕುಪತ್ರ ಸಿಗಬೇಕು. ಲಂಬಾಣಿ ತಾಂಡಾ, ದೊಡ್ಡಿ, ಹಟ್ಟಿಗಳು ಕಂದಾಯ ಗ್ರಾಮವಾಗಿದ್ದರೆ 94ಡಿ ಅನ್ವಯಿಸುತ್ತದೆ. 2023ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರದ ತಾಂಡಾಗಳಿಗೂ ಹೀಗೆ ಹಕ್ಕುಪತ್ರ ಬಂದವು. ಆ ಹಕ್ಕುಪತ್ರವನ್ನು ಟ್ರಂಕಿನಲ್ಲಿ ಇಟ್ಟು ಕುಳಿತರೆ ಸಾಲದು. ಪಂಚಾಯ್ತಿಯಲ್ಲಿ ದಾಖಲಿಸಿ ಇ-ಸ್ವತ್ತು ಮಾಡಿಸಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಲ್ಲಿ ಪ್ಲಾಟು ಪಡೆದವರಿಗೂ ಇದೇ ಮಾತು.

ಶಾಂತವ್ವ, ಶಾಂತಾಬಾಯಿ, ಶಾಂತಾ

ಮನೆ ಮಂಜೂರಾಗುವುದು ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೆ. ಮಾಜಿ ಸೈನಿಕರು, ಹೆಂಡತಿ ತೀರಿಕೊಂಡವರು, ಅಂಗವಿಕಲರು ಇಂಥ ಕೆಲವರಿಗಷ್ಟೇ ವಿನಾಯ್ತಿ. ಇಲ್ಲೇ ಹೆಸರಿನ ಫಜೀತಿ ಶುರುವಾಗುತ್ತದೆ. ಆಧಾರದಲ್ಲಿ ಶಾಂತವ್ವ, ರೇಷನ್ ಕಾರ್ಡಿನಲ್ಲಿ ಶಾಂತಾಬಾಯಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಶಾಂತಾ; ಒಂದರಲ್ಲಿ ತವರಿನ ಅಡ್ಡಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು. ಊರಿನವರಿಗೆಲ್ಲ ಅವರು ಒಬ್ಬರೇ. ಕಂಪ್ಯೂಟರಿಗೆ ಮೂವರು.

ಆಧಾರವನ್ನು ಮೂಲವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರದಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ, ಆದರೆ ಯೋಚಿಸಿ ತಿದ್ದಿಸಿ: ಆಧಾರದಲ್ಲಿ ಹೆಸರು ಬದಲಿಸಲು ಅವಕಾಶ ಎರಡೇ ಸಲ. ಆಮೇಲೆ ರೇಷನ್ ಕಾರ್ಡ್, ಬ್ಯಾಂಕ್ ಖಾತೆ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಈ ಕೊನೆಯ ಎರಡು ನಾಡಕಚೇರಿಯಿಂದ ಬರುತ್ತವೆ. ಅವುಗಳ ಮೇಲೆ ಆರ್‌ಡಿ ಎಂದು ಶುರುವಾಗುವ ಪ್ರಮಾಣಪತ್ರದ ನಂಬರನ್ನು ಪಂಚಾಯ್ತಿಯವರು ತಂತ್ರಾಂಶದಲ್ಲಿ ಹಾಕಿ ನೋಡುವಾಗ ಹೆಸರು ತಾಳೆಯಾಗಬೇಕು. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರಕ್ಕೆ ವಾಯಿದೆ ಇಲ್ಲ, ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತದೆ.

ಅಣ್ಣತಮ್ಮಂದಿರೆಲ್ಲ ಒಂದೇ ರೇಷನ್ ಕಾರ್ಡಿನಲ್ಲಿದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಒಂದೇ ಕುಟುಂಬ. ಅಣ್ಣನಿಗೆ ಹಿಂದೆ ಯಾವಾಗಲೋ ಆಶ್ರಯ ಮನೆ ಸಿಕ್ಕಿದ್ದರೆ ತಮ್ಮನ ಹೆಂಡತಿಯ ಅರ್ಜಿಯೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನಿಜಕ್ಕೂ ಬೇರೆ ಸಂಸಾರವಾಗಿದ್ದರೆ ಕಾರ್ಡನ್ನು ಮೊದಲೇ ಬೇರೆ ಮಾಡಿಸಿಕೊಳ್ಳಿ.

ಬ್ಯಾಂಕಿನ ವಿಷಯದಲ್ಲಿ ಒಂದು ಎಚ್ಚರ. ಹಣ ಬರುವುದು ನೀವು ಪಾಸ್‌ಬುಕ್ ಝೆರಾಕ್ಸ್ ಕೊಟ್ಟ ಖಾತೆಗೆ ಎಂದು ತಿಳಿಯಬೇಡಿ. ಆಧಾರ ಆಧಾರಿತ ಪಾವತಿಯಾದರೆ, ಆಧಾರಕ್ಕೆ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೂ ಹೋದದ್ದುಂಟು. ಮೈ ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಯಾವ ಬ್ಯಾಂಕು ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬೇರೆ ಬ್ಯಾಂಕು ಕಂಡರೆ ನಿಮ್ಮ ಶಾಖೆಗೆ ಹೋಗಿ ಆಧಾರ ಜೋಡಣೆಯ ಫಾರ್ಮ್ ಕೊಟ್ಟು ಬದಲಿಸಿ.

ಅರ್ಜಿ, ಸಭೆ, ಠರಾವು

ಇಷ್ಟಾದ ಮೇಲೆ ಅರ್ಜಿ. ಫೋಟೊ, ಆಧಾರ, ರೇಷನ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ನಮೂನೆ 9 ಮತ್ತು 11ಎ ಅಥವಾ ಹಕ್ಕುಪತ್ರ, ಪಾಸ್‌ಬುಕ್, ಜಾಬ್ ಕಾರ್ಡ್, ಈಗಿರುವ ಮನೆಯ ಫೋಟೊ, ಬೇರೆಲ್ಲೂ ಪಕ್ಕಾ ಮನೆ ಇಲ್ಲವೆಂಬ ಪ್ರಮಾಣಪತ್ರ. ಅಂಗವಿಕಲರಾದರೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು, ವಿಧವೆಯರಾದರೆ ಗಂಡನ ಮರಣ ಪ್ರಮಾಣಪತ್ರ. ಎರಡು ಪ್ರತಿ ಮಾಡಿ, ಒಂದರ ಮೇಲೆ ಪಂಚಾಯ್ತಿಯ ಸಿಕ್ಕೆ, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ತಗೊಂಡೀವಿ, ಹೋಗ್ರಿ’ ಎಂದರೆ ಆ ಅರ್ಜಿಗೆ ಜನ್ಮದಿನವೇ ಇರುವುದಿಲ್ಲ.

ಫಲಾನುಭವಿಗಳ ಆಯ್ಕೆ ಆಗಬೇಕಾದದ್ದು ಗ್ರಾಮಸಭೆಯಲ್ಲಿ. ಪಂಚಾಯ್ತಿಗೆ ಇಷ್ಟು ಮನೆ ಎಂಬ ಗುರಿ ಬಂದಾಗ ವರ್ಗವಾರು ಸಂಖ್ಯೆ ಬಂದಿರುತ್ತದೆ. ನಿಮ್ಮ ವರ್ಗಕ್ಕೆ ಎಷ್ಟು ಮನೆ ಎಂದು ಸಭೆಗೆ ಮೊದಲೇ ಪಿಡಿಒ ಅವರನ್ನು ಕೇಳಿ. ಸಭೆಯಲ್ಲಿ ಹೆಸರು ಓದಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಠರಾವಿನ (ನಿರ್ಣಯದ) ಕೆಳಗೆ ಅದು ಬರೆದಿರಬೇಕು. ಹೆಸರು ಬರೆಯುವ ಮೊದಲೇ ಖಾಲಿ ಪುಟಕ್ಕೆ ಎಲ್ಲರ ಸಹಿ ತೆಗೆದುಕೊಂಡರೆ ಅಲ್ಲೇ ಎದ್ದು ಕೇಳಿ. ಬೇಕಾದರೆ ನಡಾವಳಿಯ ದೃಢೀಕೃತ ನಕಲು ಪಡೆಯಿರಿ. ಪಟ್ಟಣಗಳಲ್ಲಿ ಗ್ರಾಮಸಭೆಯ ಬದಲು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಪಟ್ಟಿ ಮಾಡುತ್ತದೆ.

ಪಟ್ಟಣದ ಬಡವರಿಗೆ 2024ರ ಸೆಪ್ಟೆಂಬರಿನಿಂದ ಪ್ರಧಾನಮಂತ್ರಿ ಆವಾಸ್ ನಗರ 2.0 ಕೂಡ ಇದೆ. ಅದಕ್ಕೆ ಆನ್‌ಲೈನಿನಲ್ಲೇ ಅರ್ಜಿ. ವರ್ಷದ ಆದಾಯ 3 ಲಕ್ಷದೊಳಗಿದ್ದು ಸ್ವಂತ ಪ್ಲಾಟು ಇದ್ದರೆ ಮನೆ ಕಟ್ಟಲು ನೆರವು. ಕಳೆದ 20 ವರ್ಷಗಳಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯ ಲಾಭವನ್ನೂ ಪಡೆದಿರಬಾರದು. ವಿಜಯಪುರದಲ್ಲಿ ಬಾಡಿಗೆಗಿದ್ದು ಇಲ್ಲೊಂದು, ತಾಳಿಕೋಟೆ ಕಡೆಯ ಊರಿನಲ್ಲೊಂದು ಅರ್ಜಿ ಹಾಕುವವರಿದ್ದಾರೆ. ಆಧಾರ ಸಂಖ್ಯೆಯಿಂದ ಅದು ಸಿಕ್ಕಿಬೀಳುತ್ತದೆ, ಕೊನೆಗೆ ಎರಡೂ ಹೋಗುತ್ತವೆ. ಒಂದನ್ನೇ ಆರಿಸಿಕೊಳ್ಳಿ.

ಕಟ್ಟುವಾಗ

ಹಣ ಮುಂಗಡ ಬರುತ್ತದೆ ಎಂದುಕೊಂಡು ಹಳೆಯ ಮನೆ ಕೆಡವಬೇಡಿ. ಮಂಜೂರಾತಿ ಆದೇಶ ಕೈಗೆ ಬರಬೇಕು, ಖಾಲಿ ಜಾಗದ ಜಿಪಿಎಸ್ ಫೋಟೊ ಆಗಬೇಕು, ಆಮೇಲೆ ಗುದ್ದಲಿ. ಆದೇಶ ಬರುವ ಮೊದಲೇ ಪಾಯ ತೆಗೆದ ಮನೆಯನ್ನು ಹೊಸದೆಂದು ತೋರಿಸುವುದು ಕಷ್ಟ.

ಬಸವ ವಸತಿಯಲ್ಲಿ ಕಂತು ನಾಲ್ಕು: ಪಾಯ, ಲಿಂಟಲ್, ಛಾವಣಿ, ಪೂರ್ಣ. 1.20 ಲಕ್ಷವನ್ನು ನಾಲ್ಕಾಗಿ ಒಡೆದರೆ ಕಂತಿಗೆ 30,000. ಪ್ರತಿ ಹಂತವನ್ನೂ ನೀವು ನಿಮ್ಮ ಹಣದಿಂದ ಮುಗಿಸಬೇಕು, ಪಂಚಾಯ್ತಿಯವರು ಮೊಬೈಲ್ ಆ್ಯಪಿನಲ್ಲಿ ಫಲಾನುಭವಿಯನ್ನು ನಿಲ್ಲಿಸಿ ಫೋಟೊ ತೆಗೆಯಬೇಕು, ಆಮೇಲೆ ಆ ಹಂತದ ಹಣ. ಅಂದರೆ ಪಾಯದ ಖರ್ಚು ಪೂರ್ತಿ ಕೈಯಿಂದಲೇ. ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅದೇ ದೊಡ್ಡ ಖರ್ಚು. ಜೋಳಕ್ಕೆ ಹೆಸರಾದ ಡೋಣಿ ದಂಡೆಯ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಎರಡು ಅಡಿ ತೆಗೆದು ಕಲ್ಲು ಕೂರಿಸಿದರೆ ಮೂರನೇ ವರ್ಷಕ್ಕೆ ಗೋಡೆಯ ಮೂಲೆ ಸೀಳುತ್ತದೆ. ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಗುವವರೆಗೆ ಇಳಿಯಬೇಕು. ಅದು ಬಹಳ ಆಳದಲ್ಲಿದ್ದರೆ ಎರಿ ತೆಗೆದ ಜಾಗಕ್ಕೆ ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ಕುಟ್ಟಿ, ಪಾಯದ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಬೇಕು. ಆ ಪಟ್ಟಿ ಬೇಡ ಎಂದು ಗೌಂಡಿ ಹೇಳಿದರೆ ಕೇಳಬೇಡಿ.

ಪಾಯ ತೆಗೆಯುವ ದಿನವೇ ಮನೆಯ ಅಳತೆ ಗಟ್ಟಿ ಮಾಡಿಕೊಳ್ಳಿ. ಆವಾಸ್ ಗ್ರಾಮೀಣದಲ್ಲಿ ಕನಿಷ್ಠ ಅಳತೆ 25 ಚದರ ಮೀಟರ್, ಸುಮಾರು 270 ಚದರ ಅಡಿ: 12 ಅಡಿ ಅಗಲ, ಇಪ್ಪತ್ತೆರಡೂವರೆ ಅಡಿ ಉದ್ದ ಎಂದುಕೊಳ್ಳಿ. ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟಿನ ಲೆಕ್ಕ ಹಿಡಿದರೆ ಇಷ್ಟಕ್ಕೇ 110 ಚೀಲದ ಹತ್ತಿರ ಬರುತ್ತದೆ. ಉಸುಕು, ಖಡಿ, ಕಬ್ಬಿಣ, ಗೌಂಡಿಯ ಕೂಲಿ ಬೇರೆ. ‘ಒಮ್ಮೆ ಕಟ್ಟೋದು, ದೊಡ್ಡದೇ ಇರಲಿ’ ಎಂದು 600 ಚದರ ಅಡಿಗೆ ಪಾಯ ತೆಗೆದವರ ಗೋಡೆಗಳು ಲಿಂಟಲ್ ಮಟ್ಟದಲ್ಲಿ ಜಾಲಿ ಬೆಳೆಸಿಕೊಂಡು ನಿಂತಿರುವುದನ್ನು ಯಾವ ಊರಿನಲ್ಲೂ ನೋಡಬಹುದು. ಲಿಂಟಲ್ಲಿಗೆ ನಿಂತ ಮನೆಗೆ ಛಾವಣಿಯ ಕಂತು ಇಲ್ಲ. ಚಿಕ್ಕದಾಗಿ ಮುಗಿಸಿ, ಮುಂದೆ ಹೊಂದಿಸಿ ಕಟ್ಟಲು ಒಂದು ಬದಿಯಲ್ಲಿ ಜಾಗ ಬಿಡಿ.

ಆವಾಸ್ ಗ್ರಾಮೀಣದ ಮನೆಗೆ ಸಹಾಯಧನದ ಹೊರತಾಗಿ ಉದ್ಯೋಗ ಖಾತ್ರಿಯಿಂದ 90 ಮಾನವ ದಿನದ ಕೂಲಿ ಸೇರಿಸಿದ್ದರು. 2025-26ರ ದರ ದಿನಕ್ಕೆ 370 ರೂ., ಒಟ್ಟು 33,300. ಜಾಬ್ ಕಾರ್ಡ್ ಇದ್ದು, ಮನೆಯ ಕಾಮಗಾರಿಗೆ ಸಂಖ್ಯೆ ತೆಗೆಸಿ, ಹಾಜರಿ ಪಟ್ಟಿ ಹೊರಟಾಗಷ್ಟೇ ಈ ಹಣ. ಮನೆ ಮುಗಿದ ಮೇಲೆ ನೆನಪಾದರೆ ಹೋಯಿತು. ಶೌಚಾಲಯಕ್ಕೆ ಸ್ವಚ್ಛ ಭಾರತದಿಂದ 12,000.

ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಹೋಗುವವರು, ಗೋವಾ, ಪುಣೆ ಕಡೆ ದುಡಿಯಲು ಹೋಗುವವರು ಆದೇಶದ ಗಡುವನ್ನು ಓದಿಕೊಂಡೇ ಊರು ಬಿಡಬೇಕು. ಗಡುವಿನಲ್ಲಿ ಕೆಲಸ ಶುರುವಾಗದಿದ್ದರೆ ತಂತ್ರಾಂಶದಲ್ಲಿ ಮನೆ ಬ್ಲಾಕ್ ಆಗುತ್ತದೆ. ಅದನ್ನು ತೆರೆಸಲು ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಓಡಾಡಬೇಕು. ದೀಪಾವಳಿಗೆ ಮೊದಲು ಪಾಯ ಮುಗಿಸಿ ಫೋಟೊ ಹಾಕಿಸಿ ಹೋದರೆ, ಸುಗ್ಗಿ ಮುಗಿಸಿ ಬಂದ ಮೇಲೆ ಗೋಡೆ ಎತ್ತಬಹುದು. ಫೋಟೊ ತೆಗೆದ ಜಾಗವೂ ಬದಲಾಗಬಾರದು. ಮೊದಲ ಫೋಟೊ ಊರೊಳಗಿನ ಜಾಗದ್ದು, ಮನೆ ಕಟ್ಟಿದ್ದು ಹೊಲದಲ್ಲಿ ಎಂದರೆ ಜಿಪಿಎಸ್ ಒಪ್ಪುವುದಿಲ್ಲ.

ಬಾಡಿಗೆಗೆ ನೆರವು ಸಿಗುತ್ತದೆಯೇ

ಬಡವರ ಮನೆಬಾಡಿಗೆಯನ್ನು ತಿಂಗಳು ತಿಂಗಳು ಕಟ್ಟುವ ಸಾಮಾನ್ಯ ಯೋಜನೆ ನಮ್ಮಲ್ಲಿ ಇಲ್ಲ. ಹಾಗೆ ಕೊಡಿಸುತ್ತೇನೆಂದು ಐನೂರು, ಸಾವಿರ ಕೇಳುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2019ರ ಆಗಸ್ಟಿನ ನೆರೆಯಲ್ಲಿ ಮನೆ ಪೂರ್ತಿ ಬಿದ್ದವರಿಗೆ ಹೊಸ ಮನೆ ಕಟ್ಟುವ ತನಕ ತಿಂಗಳಿಗೆ 5,000 ರೂ. ಬಾಡಿಗೆಯನ್ನು ಸರ್ಕಾರ ಘೋಷಿಸಿತ್ತು. ಅದು ಆ ನೆರೆಗೆ ಮಾಡಿದ ಏರ್ಪಾಡು. ಮೆಟ್ರಿಕ್ ನಂತರ ಓದುತ್ತಿದ್ದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು ಎಂದು ಶುರುವಾದ ಊಟ, ವಸತಿಯ ನೆರವು ಅದು. ಅರ್ಜಿ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ.

ಭೀಮಾ, ಡೋಣಿ, ಕೃಷ್ಣಾ, ಘಟಪ್ರಭಾ ದಂಡೆಯವರು ಇಷ್ಟು ನೆನಪಿಡಬೇಕು: ಮನೆ ಬಿದ್ದರೆ ಮಣ್ಣು ಎತ್ತುವ ಮೊದಲು ಫೋಟೊ, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ. 2022ರಿಂದ ಜಾರಿಗೆ ಬಂದ ವಿಪತ್ತು ಪರಿಹಾರದ ದರದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ; ಭಾಗಶಃ ಬಿದ್ದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ನಡುವಿನ ಅಂತರ ನೋಡಿ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಎರಡು ಗೋಡೆ ಕುಸಿದರೆ ಉಳಿದದ್ದೂ ವಾಸಕ್ಕೆ ಬಾರದು. ಆದರೂ ಅವಸರದಲ್ಲಿ ಭಾಗಶಃ ಎಂದು ಬರೆದುಬಿಡುತ್ತಾರೆ. ಪಂಚನಾಮೆಗೆ ಸಹಿ ಮಾಡುವ ಮುನ್ನ ಆ ಪದ ಓದಿಸಿಕೊಳ್ಳಿ, ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ ಬರೆಯಿಸಿ, ಎಂಜಿನಿಯರರ ಮರುಪರಿಶೀಲನೆಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ.

ನಿಂತು ಹೋದರೆ

ಮಂಜೂರಾದ ಮನೆಗೆ ಫಲಾನುಭವಿ ಸಂಖ್ಯೆ ಇರುತ್ತದೆ. ನಿಗಮದ ಆಶ್ರಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಹಂತದ ಫೋಟೊ ಹೋಗಿದೆ, ಯಾವ ಕಂತು ಬಿಡುಗಡೆಯಾಗಿದೆ ಎಂದು ಕಾಣುತ್ತದೆ. ಫೋಟೊ ಹೋಗಿಲ್ಲವಾದರೆ ಪಂಚಾಯ್ತಿಯನ್ನು ಕೇಳಿ. ಫೋಟೊ ಹೋಗಿ ಹಣ ಬಿಡುಗಡೆಯಾಗಿಲ್ಲವಾದರೆ ತಡೆ ಮೇಲಿದೆ, ಪಿಡಿಒ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ತಾಲ್ಲೂಕು ಪಂಚಾಯ್ತಿಯ ವಸತಿ ವಿಭಾಗಕ್ಕೆ ಹೋಗಿ. ಬಿಡುಗಡೆಯಾಗಿದೆ ಎಂದು ತೋರಿಸಿ ಖಾತೆಗೆ ಬಂದಿಲ್ಲವಾದರೆ ಮೇಲೆ ಹೇಳಿದ ಬ್ಯಾಂಕ್ ಜೋಡಣೆಯನ್ನು ನೋಡಿ.

ಯಾರೂ ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂ.; ಬಿಪಿಎಲ್ ಕಾರ್ಡಿನವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಏಕೆ ಕೊಟ್ಟಿಲ್ಲ ಎಂದು ಕೇಳಬೇಡಿ, ಕಾಗದ ಕೇಳಿ: ‘ದಿನಾಂಕ ಇಂಥದ್ದರ ಗ್ರಾಮಸಭೆಯ ನಡಾವಳಿ ಮತ್ತು ವಸತಿ ಫಲಾನುಭವಿಗಳ ಆಯ್ಕೆಪಟ್ಟಿಯ ದೃಢೀಕೃತ ಪ್ರತಿ ಒದಗಿಸಿ.’ 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಆ ಗಡುವು ಮುಗಿದ 30 ದಿನದೊಳಗೆ ಮೊದಲ ಮೇಲ್ಮನವಿ.